ಬೈದವರಿಗೆ ಸ್ಪೀಡು

ಮೊಬೈಲಿನಲ್ಲಿ ಇಂಟರ್ನೆಟ್ ಬರುವ ಮುಂಚೆ ಮುಳಬಾಗಿಲಿನಲ್ಲಿ ತಂತಿಯಿಲ್ಲದ ಇಂಟರ್ನೆಟ್ ಕೊಡುತ್ತಿದ್ದವರು ನಮ್ಮ ಬೀದಿಯಲ್ಲಿ ಆಫೀಸು ಇಟ್ಟಿದ್ದ ಒಬ್ಬರೇ. ಕೋಲಾರದಿಂದ ಬರುವ ಒಂದೇ ಲೈನನ್ನು ಮಾಳಿಗೆ ಮೇಲಿನ ಆಂಟೆನಾದಿಂದ ಊರಿಗೆಲ್ಲ ಹಂಚುತ್ತಿದ್ದರು. ಯಾರಿಗೆ ಎಷ್ಟು ಸ್ಪೀಡು ಎಂದು ಕಂಪ್ಯೂಟರಿನಲ್ಲಿ ತೀರ್ಮಾನ ಮಾಡುವವರೂ ಅವರೇ. ಫೋನ್ ಮಾಡಿ ಬೈದವರಿಗೆ ಜಾಸ್ತಿ ಕೊಡುತ್ತಿದ್ದರು, ಅದನ್ನು ಸುಮ್ಮನಿದ್ದವರಿಂದ ಕಿತ್ತುಕೊಳ್ಳುತ್ತಿದ್ದರು. ಮೆತ್ತಗೆ ಕೇಳಿದರೆ ಕಿವಿ ಕೆರೆದುಕೊಂಡು, "ಟ್ರಾಫಿಕ್ ಜಾಸ್ತಿ ಐತಪ್ಪಾ, ಅಡ್ಜಸ್ಟ್ ಮಾಡ್ಕೋ" ಎನ್ನುತ್ತಿದ್ದರು. ಜೋರು ಮಾಡಿದರೆ ಅದೇ ಬಾಯಲ್ಲಿ "ಸಾರ್" ಬರುತ್ತಿತ್ತು.

ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಒಂದು ಮಧ್ಯಾಹ್ನ ನಾನು ಅವರ ಆಫೀಸಿನಲ್ಲಿ ಟೀ ಕುಡಿಯುತ್ತಿದ್ದಾಗ ಅವರ ಮಗಳು ಮನೆಯಿಂದ ಫೋನ್ ಮಾಡಿದಳು. ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕಲು ಅವತ್ತೇ ಕೊನೆ ದಿನ, ಪೇಜು ತೆರೆಯುತ್ತಿಲ್ಲ.

"ಟ್ರಾಫಿಕ್ ಜಾಸ್ತಿ ಐತಮ್ಮಾ, ಅಡ್ಜಸ್ಟ್ ಮಾಡ್ಕೋ" ಎಂದು ಫೋನ್ ಇಟ್ಟರು. ಸ್ವಂತ ಮನೆಯವರು ಯಾವತ್ತೂ ಬೈದಿರಲಿಲ್ಲ. ಹಾಗಾಗಿ ಊರಲ್ಲೇ ಎಲ್ಲಕ್ಕಿಂತ ಕಡಿಮೆ ಸ್ಪೀಡು ಇದ್ದದ್ದು ಅವರ ಮನೆಗೇ.

ಸ್ವಲ್ಪ ಹೊತ್ತಿಗೆ ಫೋನ್ ಮತ್ತೆ ಹೊಡೆದುಕೊಂಡಿತು. ಹೆಂಗಸಿನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಏನ್ರೀ, ಇಂಟರ್ನೆಟ್ ಕೊಡ್ತೀರಾ, ಇಲ್ಲಾ ನಿಮ್ಮ ಆಂಟೆನಾ ಕಿತ್ತು ರೋಡಿಗೆ ಬಿಸಾಕ್ಲಾ?"

ಇವರು ಎದ್ದು ನಿಂತರು. "ಸಾರಿ ಮೇಡಮ್, ಈಗ್ಲೇ ಬಿಡ್ತೀನಿ. ಯಾವ ಮನೆ ಮೇಡಮ್?"

"ನಿಮ್ಮನೇನೇ ಅಪ್ಪಾ."

ಕೂತರು. ಮೌಸ್ ಒತ್ತಿದರು. ಮಗಳ ಅರ್ಜಿ ಬ್ಯಾಂಕಿಗೆ ಹೋಯಿತು.

ನಾನು ಅಂಗಡಿಗೆ ಬಂದು ನೋಡಿದರೆ ನನ್ನ ಇಂಟರ್ನೆಟ್ ನಿಂತಿತ್ತು. ಅವರ ಎದುರಿಗೇ ಸುಮ್ಮನೆ ಟೀ ಕುಡಿಯುತ್ತಾ ಕೂತಿದ್ದವನು ನಾನೊಬ್ಬನೇ ತಾನೆ.