ರೂಮಿನಲ್ಲಿ ಬಿದ್ದವರು

ಭಾರ ಎತ್ತುವವರು ಸೊಂಟಕ್ಕೆ ಬಿಗಿಯುವ ಅಗಲವಾದ ಬೆಲ್ಟು ನಮ್ಮ ಮ್ಯಾನೇಜರರ ಹೊಟ್ಟೆಯ ಮೇಲೆ ಸದಾ ಇರುತ್ತಿತ್ತು. ದುಬೈಯ ಅಲ್ ಕೂಜ್‌ನ ಆ ಟೈಲ್ಸ್ ಗೋದಾಮಿನಲ್ಲಿ ಅವರು ಎತ್ತುತ್ತಿದ್ದ ಅತಿ ಭಾರದ ವಸ್ತು ಚಹಾ ಲೋಟ. ಲೋಡರ್‌ಗಳಿಗೆಂದು ಬಂದ ಉಳಿದ ಬೆಲ್ಟುಗಳು ಅವರ ಕಪಾಟಿನಲ್ಲಿದ್ದವು. “ಕೊಟ್ರೆ ಹಾಳು ಮಾಡ್ತಾರೆ” ಎನ್ನುತ್ತಿದ್ದರು.

ಉಡುಪಿ ಕಡೆಯವರು. ನಾನು ಅವರ ಗುಮಾಸ್ತ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು, ಹೋಟೆಲಿನಲ್ಲಿ ಟೇಬಲ್ ಒರೆಸಿ ಓದಿದ್ದೆ. ಅದು ಅವರಿಗೊಂದು ತಮಾಷೆ. “ಓದಿ ಎಂತ ಕಡಿದೆ ಮಾರಾಯ? ನನ್ನ ಕೈಕೆಳಗೇ ಬಂದು ಕೂತೆಯಲ್ಲ!”

ಯಾರಿಗೆ ಪೆಟ್ಟಾದರೂ ವಿಮಾ ಕಂಪನಿಗೆ ಹೋಗುವ ವರದಿಯಲ್ಲಿ ಅವರದು ಒಂದೇ ವಾಕ್ಯ: ಕ್ಯಾಂಪಿನ ರೂಮಿನಲ್ಲಿ ಬಿದ್ದ. ಗೋದಾಮಿನಲ್ಲಿ ಆಯಿತೆಂದರೆ ಕಂಪನಿ ಹೊಣೆ, ಲೋಡರ್‌ಗಳು ಮಲಗುವ ರೂಮಿನಲ್ಲಿ ಆಯಿತೆಂದರೆ ಯಾರೂ ಅಲ್ಲ. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು. ಎರಡು ಸಲ ನಾನೂ ಹಾಗೆ ಬರೆದಿದ್ದೇನೆ, ನಾಚಿಕೆಯಿದೆ.

ಮೂರನೆಯ ಸಲ ಹೊನ್ನಾವರದ ಲೋಡರ್. ಟ್ರಾಲಿ ಕೆಟ್ಟು ತಿಂಗಳಾಗಿತ್ತು. ಗ್ರಾನೈಟ್ ಹಲಗೆಯನ್ನು ಒಬ್ಬನೇ ಎತ್ತಲು ಹೋಗಿ ಬೆನ್ನು ಹಿಡಿದು ಕುಸಿದ. ಆಸ್ಪತ್ರೆಯಲ್ಲಿ ಅವನ ಎಡಗಾಲು ಅಲುಗುತ್ತಿರಲಿಲ್ಲ. ಆಪರೇಷನ್ ಆಗಬೇಕಿತ್ತು, ವಿಮೆ ಒಪ್ಪದಿದ್ದರೆ ಹಾಗೇ ಊರಿಗೆ.

“ಮಂಚದಿಂದ ಬಿದ್ದೆ ಹೇಳಿ ಬರೀತ್ರಾ ಅಣ್ಣ?” ಎಂದ.

ಮ್ಯಾನೇಜರರದು ಅದೇ ಮಾತು. “ರೂಮಲ್ಲಿ ಬಿದ್ದ. ಬರಿ. ಯಲ್ಲಾ, ಬೇಗ!”

ನಾನು ಟ್ರಾಲಿ, ಹಲಗೆ, ಕಪಾಟಿನ ಬೆಲ್ಟು ಎಲ್ಲವನ್ನೂ ಬರೆದೆ. ಅವರಿಗೆ ಇಂಗ್ಲಿಷ್ ಓದಲು ಬಾರದೆಂದು ಗೋದಾಮಿಗೆಲ್ಲ ಗೊತ್ತು. ಹಾಗೆಂದು ಒಪ್ಪಿಕೊಳ್ಳುವ ಮನುಷ್ಯ ಅವರಲ್ಲ. ಕನ್ನಡಕ ಹಾಕಿ, ಹಾಳೆಯನ್ನು ದೂರ ಹಿಡಿದು, ಬಹಳ ಹೊತ್ತು ನೋಡಿದರು.

“ಇಲ್ಲೊಂದು ಕಾಮಾ ಬೇಕಿತ್ತು” ಎಂದರು.

ಹಾಕಿಕೊಟ್ಟೆ. ಸಹಿ, ಸೀಲು, ಖಲಾಸ್.

ವಿಮೆಯವರು ಒಪ್ಪಿದರು. ಆಪರೇಷನ್ ಆಯಿತು, ಪರಿಹಾರವೂ ಸಿಕ್ಕಿತು. ಲೋಡರ್ ತನ್ನ ಕಾಲ ಮೇಲೆ ನಡೆದು ವಿಮಾನ ಹತ್ತಿದ. ಕಂಪನಿಯ ಮಾಲೀಕರು ಕೇಳಿದಾಗ ಮ್ಯಾನೇಜರರು, ಓದದೆ ಸಹಿ ಹಾಕಿದೆ ಎನ್ನಲು ಬಾಯಿ ಬರದೆ, “ನಾನೇ ಬರೆಸಿದ್ದು. ಸತ್ಯ ಅಲ್ವಾ ಸರ್!” ಎಂದರು. ಮರುದಿನವೇ ನನ್ನ ವೀಸಾ ರದ್ದು ಮಾಡಿಸಿದರು.

ಈಚೆಗೆ ಅವರು ಉಡುಪಿಯಲ್ಲಿ ತೀರಿಕೊಂಡರು. ಬಾಯಿ ತುಂಬ ಹೊಗಳಲು ನನಗೆ ಒಂದು ಗುಣವೂ ನೆನಪಾಗುವುದಿಲ್ಲ. ಸಂತಾಪ ಸಭೆಯಲ್ಲಿ ಯಾರೋ ಆ ವರದಿಯನ್ನೇ ಎತ್ತಿ ಅವರನ್ನು ಕಾರ್ಮಿಕರ ಬಂಧು ಎಂದರು. ಹಿಂದಿನ ಸಾಲಿನಲ್ಲಿದ್ದ ನಾನು ತಿದ್ದಲು ಹೋಗಲಿಲ್ಲ. ಎಷ್ಟಾದರೂ ಸಹಿ ಅವರದೇ.