ಫೋಟೋದಲ್ಲಿ ಅವ್ವನ ಪಕ್ಕ ಕೂತವನು

ಶಿರಾದಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. ಫೋಟೋ ತೆಗೆಯುವುದು ನನ್ನ ಗಂಡ, ಕಂಪ್ಯೂಟರಿನಲ್ಲಿ ತಿದ್ದಿ ಪ್ರಿಂಟಿಗೆ ಕಳಿಸುವುದು ನಾನು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆಯೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. "ಹೆಂಗಸ್ರ ಮುಖ ತಿದ್ದೋಕೆ ಗಂಡಸ್ರಿಗೆ ತಾಳ್ಮೆ ಎಲ್ಲಿ ಬರ್ಬೇಕು, ನೀನು ಕಲಿ" ಎಂದರು. ಕಲಿತೆ. ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪನ್ನು ತಿಳಿ ಮಾಡುವುದು, ಕೆದರಿದ ಕೂದಲನ್ನು ಒಂದೊಂದಾಗಿ ತೆಗೆಯುವುದು ಎಲ್ಲವನ್ನೂ ಬಹಳ ಕಾಲ ಮೌಸ್ ಹಿಡಿದು ಕೈಯಲ್ಲೇ ಮಾಡಿದೆ.

ಈಚೆಗೆ ಹೊಸ ಸಾಫ್ಟ್‌ವೇರ್ ಹಾಕಿಸಿದೆವು. ಫೋಟೋ ತೆರೆದ ಕೂಡಲೇ ಅದೇ ಮುಖಗಳನ್ನು ಹುಡುಕುತ್ತದೆ. ಇದು ಗಂಡಸು, ಇದು ಹೆಂಗಸು, ಇದು ಮಗು ಎಂದು ತಾನೇ ಆರಿಸಿಕೊಂಡು, ಅದಕ್ಕೆ ತಕ್ಕಂತೆ ತಿದ್ದುತ್ತದೆ. ಗಂಡಸಾದರೆ ದವಡೆ ಗಟ್ಟಿಯಾಗುತ್ತದೆ, ಹುಬ್ಬು ದಟ್ಟವಾಗುತ್ತದೆ. ಹೆಂಗಸಾದರೆ ಕೆನ್ನೆ ನುಣುಪಾಗಿ ತುಟಿಗೆ ಬಣ್ಣ ಬರುತ್ತದೆ. ಮದುವೆ ಸೀಸನ್ನಿನಲ್ಲಿ ಅದರಿಂದ ನನಗೆ ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ. ಗಿರಾಕಿಗಳೂ ಖುಷಿಪಟ್ಟರು. ಯಾರೂ ಒಂದು ಮಾತು ಆಡಿರಲಿಲ್ಲ, ಆ ತಾಯಿ ಮಗಳು ಬರುವವರೆಗೆ.

ಅವರು ಕಳ್ಳಂಬೆಳ್ಳದ ಕಡೆಯವರು. ತಿರುಪತಿಗೆ ಹೋಗಿ ಬಂದವರು ಊರಿನ ಬಸ್ ಹತ್ತುವ ಮೊದಲು ನಮ್ಮ ಅಂಗಡಿಗೆ ಬಂದಿದ್ದರು. ಮಗಳಿಗೆ ಮೂವತ್ತರ ಆಸುಪಾಸು. ತಲೆ ಬೋಳಿಸಿ ಗಂಧ ಬಳಿದಿತ್ತು, ಕಿವಿಯಲ್ಲಿ ಸಣ್ಣ ಓಲೆಯಿತ್ತು, ಭುಜದ ಮೇಲೆ ದೊಡ್ಡ ಬಿಳಿ ಟವೆಲ್ ಹೊದ್ದಿದ್ದಳು. ನನ್ನ ಗಂಡ ಲೈಟು ಸರಿಮಾಡುವಷ್ಟರಲ್ಲಿ ಅವಳೇ ಹೇಳಿದಳು.

"ನಮ್ಮಣ್ಣ ಹೈವೇನಾಗೆ ಬೈಕಿಂದ ಬಿದ್ದು ಹೋಗ್ಬುಟ್ಟ ಅಕ್ಕ. ಅವತ್ತಿಂದ ಅವ್ವ ಹಾಸಿಗೆ ಬುಟ್ಟು ಏಳ್ಲಿಲ್ಲ. ಎದ್ದು ಓಡಾಡಂಗಾದ್ರೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ. ನೋಡಿ, ಬೆಟ್ಟ ಹತ್ತಿ ಬಂದವ್ಳೆ."

ತಾಯಿ ಪ್ರಸಾದದ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರಿಬ್ಬರನ್ನೇ ಅಕ್ಕಪಕ್ಕ ಕೂರಿಸಿ ಫೋಟೋ ತೆಗೆದದ್ದಾಯಿತು. ಸಾಫ್ಟ್‌ವೇರ್ ತಿದ್ದಿದ ಮೇಲೆ ನಾನು ತೆರೆಯ ಮೇಲೆ ನೋಡಿದೆ. ಮುಖ ಸ್ವಚ್ಛವಾಗಿತ್ತು, ಬೆಳಕು ಹದವಾಗಿತ್ತು. ಚೆನ್ನಾಗಿ ಬಂದಿದೆ ಎಂದೇ ಅನ್ನಿಸಿತು. ಪ್ರಿಂಟಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಪ್ರಿಂಟ್ ತೆಗೆದುಕೊಳ್ಳಲು ಇಬ್ಬರೂ ಒಟ್ಟಿಗೇ ಬಂದರು. ನಾನು ಕವರ್ ಬಿಚ್ಚಿ ತಾಯಿಯ ಕೈಗೆ ಕೊಟ್ಟೆ. ಅವರು ಫೋಟೋ ನೋಡಿದವರೇ ಕೌಂಟರ್ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದರು. ತಲೆ ಸುತ್ತಿತೇನೋ ಎಂದು ನಾನು ನೀರಿಗೆ ಓಡಿದೆ. ತಲೆ ಸುತ್ತಿದ್ದಲ್ಲ ಅದು. ಕಾಲು ಚಾಚಿ ಕೂತು, ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, "ಮಗ, ಬಂದ್ಬುಟ್ಟಾ ನನ್ನಪ್ಪಾ" ಎನ್ನುತ್ತಿದ್ದರು.

ಮಗಳು ಬಗ್ಗಿ ನೋಡಿದಳು.

"ಅಕ್ಕ, ಇದು ನಮ್ಮಣ್ಣ."

"ಏನಂದ್ರಿ?"

"ನಮ್ಮಣ್ಣ ಅಕ್ಕ ಇದು. ನಾನೆಲ್ಲಿ ಹೋದೆ ಇದ್ರಾಗೆ?"

ಕಂಪ್ಯೂಟರಿನ ಮುಂದೆ ಕೂತು ಆ ಫೋಟೋ ತೆರೆದೆ. ಅವಳ ಮುಖದ ಸುತ್ತ ಸಣ್ಣ ಚೌಕ, ಅದರ ಪಕ್ಕದಲ್ಲಿ ಗಂಡಸು ಎಂಬ ಗುರುತು. ಬೋಳು ತಲೆ ಮತ್ತು ಟವೆಲ್ ನೋಡಿ ಅದು ಆರಿಸಿಕೊಂಡುಬಿಟ್ಟಿತ್ತು. ಹುಬ್ಬು ತುಂಬಿ, ದವಡೆ ಅಗಲಿಸಿ, ಗಲ್ಲಕ್ಕೆ ನೆರಳು ಕೊಟ್ಟು, ಆ ಮನೆಯವರ ಮುಖದಲ್ಲಿದ್ದ ಹೋಲಿಕೆಯನ್ನು ಎಳೆದು ಹೊರಗೆ ತಂದಿತ್ತು. ನಾನು ಕಂಡೇ ಇರದ ಒಬ್ಬ ಸತ್ತ ಮನುಷ್ಯ ನನ್ನ ಮೇಜಿನಿಂದ ಎದ್ದು ಹೋಗಿದ್ದ. ಯಾ ಅಲ್ಲಾ ಎಂದೆ.

ಮಗಳು ನನ್ನ ಹಿಂದೆ ನಿಂತಿದ್ದಳು. ನಾನು ಗುರುತನ್ನು ಹೆಂಗಸು ಎಂದು ಬದಲಾಯಿಸಿದೆ. ಅವಳ ಕಣ್ಣೆದುರೇ ದವಡೆ ಸಣ್ಣಗಾಯಿತು, ಕಣ್ಣು ದೊಡ್ಡದಾಯಿತು, ತುಟಿ ಗುಲಾಬಿಯಾಯಿತು.

"ಇದೂ ನಾನಲ್ಲ" ಎಂದಳು.

ಎಲ್ಲ ತಿದ್ದುವಿಕೆಯನ್ನೂ ಬಂದ್ ಮಾಡಿದೆ. ಬಿಸಿಲಿಗೆ ಕಂದಿದ ಕೆನ್ನೆ, ನಿದ್ದೆಗೆಟ್ಟ ಕಣ್ಣು, ಕ್ಷೌರದ ಕತ್ತಿ ತಾಗಿ ಹಣೆಯ ಮೇಲೆ ಆದ ಗೀರು, ಎಲ್ಲ ವಾಪಸ್ ಬಂತು. "ಆಂ, ಇದು ನಾನು. ಇದನ್ನೇ ಕೊಡಿ" ಎಂದಳು. ಅಲ್ಲೇ ಪ್ರಿಂಟ್ ತೆಗೆದು ಕೊಟ್ಟೆ.

ಆದರೆ ತಾಯಿ ಮೊದಲಿನ ಫೋಟೋವನ್ನು ಬಿಡಲಿಲ್ಲ. ಸೆರಗಿನೊಳಗೆ ಎದೆಗೆ ಒತ್ತಿಕೊಂಡಿದ್ದರು. "ಅವನ ಜೊತೆ ಕುಂತು ತೆಗೆಸ್ಕಂಡಿದ್ದು ನನ್ತಾವ ಒಂದೂ ಇಲ್ಲ ಕಣಮ್ಮ. ಆಧಾರ್ ಕಾರ್ಡ್‌ನಾಗೆ ಇರೋದು ಅವನಂಗೇ ಕಾಣಕಿಲ್ಲ. ಇದು ಇರ್ಲಿ ಬುಡು" ಎಂದು ನನ್ನನ್ನು ಬೇಡಿಕೊಂಡರು, ಮಗಳನ್ನಲ್ಲ.

ಮಗಳು ಬಹಳ ಮೆಲ್ಲಗೆ ಕೇಳಿದಳು. "ಅವ್ವ, ನಾನು ಹೋಗಿ ಅಣ್ಣ ಉಳ್ಕಂಡಿದ್ರೆ, ನನ್ನ ಫೋಟೋನೂ ಇಂಗೇ ತಬ್ಕಂತಿದ್ಯಾ?"

ತಾಯಿ ತಲೆ ಎತ್ತಿ ಮಗಳನ್ನು ನೋಡಿದರು. ಹೊಡೆತ ತಿಂದವರ ಹಾಗೆ ಕಂಡರು. ನನ್ನ ಗಂಡ ಎದ್ದು ಅಂಗಡಿಯ ಹೊರಗೆ ಹೋಗಿ ನಿಂತರು. ಕೊನೆಗೆ ಮಗಳೇ ತಾಯಿಯ ರಟ್ಟೆ ಹಿಡಿದು ಎಬ್ಬಿಸಿ, ಎರಡು ಫೋಟೋಗಳ ಜೊತೆಗೇ ಕರೆದುಕೊಂಡು ಹೋದಳು.

ನಾನು ಅಂದೇ ಸಾಫ್ಟ್‌ವೇರಿನವರಿಗೆ ಬರೆದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ನಡೆದದ್ದನ್ನೆಲ್ಲ ಬರೆದೆ. ಮುಖ ಗಂಡಸಿನದೋ ಹೆಂಗಸಿನದೋ ಎಂದು ಆರಿಸುವ ಮೊದಲು ನಮ್ಮನ್ನೊಮ್ಮೆ ಕೇಳಬೇಕು ಎಂದೆ. ಉತ್ತರ ಬಂತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಮುಂದಿನ ಆವೃತ್ತಿಯಲ್ಲಿ ಕೂದಲಿನ ಅಂಚನ್ನು ಇನ್ನೂ ನಿಖರವಾಗಿ ಆರಿಸುತ್ತೇವೆ ಎಂದಿತ್ತು. ತಲೆಯ ಮೇಲೆ ಒಂದು ಎಳೆ ಕೂದಲಿಲ್ಲದ ಹೆಣ್ಣುಮಗಳ ವಿಷಯ ನಾನು ಬರೆದದ್ದು. ಅದನ್ನು ಗಂಡನಿಗೆ ಓದಿ ಹೇಳುವಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ತಾಯಿ ಒಬ್ಬರೇ ಬಂದರು. ಸೆರಗಿನಿಂದ ಆ ಫೋಟೋ ತೆಗೆದು ನನ್ನ ಮುಂದಿಟ್ಟು, ಅದರಲ್ಲಿದ್ದ ಮುಖದ ಕಿವಿಯ ಮೇಲೆ ಬೆರಳಿಟ್ಟರು.

"ಈ ಓಲೆ ಒಂದು ತೆಗೆದ್ಬುಡಮ್ಮ."

ಅಲ್ಲಿಯವರೆಗೆ ಅವರಿಗೆ ಭ್ರಮೆ ಎಂದುಕೊಂಡಿದ್ದೆ. ಇಲ್ಲ, ಓಲೆ ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಮಗಳನ್ನ ಕರ್ಕೊಂಡ್ ಬನ್ನಿ ಅಮ್ಮ. ಅವರು ಹೂಂ ಅಂದ್ರೆ ತೆಗೀತೀನಿ."

"ಅವಳಿಗೆ ಹೇಳಬ್ಯಾಡ ಕಣಮ್ಮ."

"ಅದು ಅವರ ಮುಖ ಅಮ್ಮ. ಅವರನ್ನ ಕೇಳ್ದೆ ನಾನು ಮುಟ್ಟಲ್ಲ."

ಅವರು ಫೋಟೋ ಎತ್ತಿಕೊಂಡು ಹೋದರು. ಅವರು ರಸ್ತೆ ದಾಟುವುದನ್ನು ನೋಡುತ್ತಾ, ನಾನು ಮಾಡಿದ್ದು ಸರಿಯೋ ಕ್ರೂರವೋ ಎಂದು ನನಗೇ ಗೊತ್ತಾಗಲಿಲ್ಲ.

ಓಲೆಯ ವಿಷಯ ಮಗಳಿಗೆ ತಿಳಿದೇ ತಿಳಿಯಿತು. ತಾಯಿಯೇ ಹೇಳಿದ್ದರಂತೆ. ಅವಳು ಅಂಗಡಿಗೆ ಬಂದಾಗ ಬೈಯುತ್ತಾಳೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ. ಅವಳು ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದಳು. ಯಾರದೋ ಮದುವೆ ಊಟದ ಸಾಲು, ಅದರಲ್ಲಿ ಬಾಯ್ತುಂಬ ನಗುತ್ತಾ ಬಡಿಸುತ್ತಿರುವ ಒಬ್ಬ ಯುವಕ.

"ಅಣ್ಣನ ಗೆಳೆಯರ ಹತ್ರ ಕೇಳಿ ತಂದೆ. ಅವ್ವನ ಒಂದು ಕಡೆ ನಾನಿರ್ತೀನಿ, ಇನ್ನೊಂದು ಕಡೆ ಇವನ್ನ ಕೂರಿಸಿ ಅಕ್ಕ. ನನ್ನ ಅಳಿಸಬ್ಯಾಡಿ, ಅಷ್ಟೇ."

ಆ ಸಾಫ್ಟ್‌ವೇರನ್ನು ನಾನು ತೆರೆಯಲೇ ಇಲ್ಲ. ಸಾಂಬಾರಿನ ಬಕೆಟ್ಟಿನ ಹಿಂದಿನಿಂದ, ಪಕ್ಕದವನ ಭುಜದ ಸಂದಿಯಿಂದ ಅವನನ್ನು ಅಂಚು ಅಂಚಾಗಿ ಕೈಯಲ್ಲೇ ಬಿಡಿಸಿದೆ. ಆ ಚಿತ್ರದಲ್ಲಿ ಮರೆಯಾಗಿದ್ದ ಅವನ ಒಂದು ಕಿವಿಗೆ ಏನು ಮಾಡುವುದೆಂದು ಮಗಳನ್ನೇ ಕೇಳಿದೆ. ಅವಳು ಪಕ್ಕದಲ್ಲಿ ಕೂತು ಅಣ್ಣನ ಕಿವಿ ಹೇಗಿತ್ತೆಂದು ಹೇಳುತ್ತಾ ಮೊದಲ ಸಲ ಅತ್ತಳು.

ತಾಯಿಗೆ ಅದನ್ನು ನಾನೇ ಕೊಟ್ಟೆ. ಈ ಸಲ ಅವರು ಕುಸಿಯಲಿಲ್ಲ. ಮಗನನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಮಗನನ್ನು ನೋಡಿದರು.

"ಇವನು ನಮ್ಮುಡುಗ. ಮೊದಲಿನ ಫೋಟೋದಾಗಿರೋನು ಸ್ವಲ್ಪ ಬ್ಯಾರೆ ಕಣೆ" ಎಂದು ಮಗಳಿಗೆ ಹೇಳಿದರು.

"ಅಂಗಾದ್ರೆ ಅದನ್ನ ಅಕ್ಕಂಗೆ ವಾಪಸ್ ಕೊಟ್ಬುಡವ್ವ."

"ಯಾಕೆ ಕೊಡ್ಲಿ? ಅದು ನೀನು ನನಗೋಸ್ಕರ ಮುಡಿ ಕೊಟ್ಟ ದಿನದ್ದು" ಎಂದರು ತಾಯಿ.

ಮಗಳು ಹೊಸ ಫೋಟೋವನ್ನು ತಾಯಿಯ ಚೀಲದೊಳಗಿಟ್ಟು, ಅವರ ಕೈಯಿಂದ ಚೀಲ ಇಸಿದುಕೊಂಡಳು.