ಅತ್ತೆಯ ಕಾರಿಗೆ ದೋಣಿಯ ಬ್ರಶ್

ನನ್ನ ಸೋದರತ್ತೆ ಕುಮಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ, ಕಾರು ಕೊಂಡರು. ಸ್ಟೇರಿಂಗಿನ ಪಕ್ಕದಲ್ಲೇ ಗೇರಿರುವ, ದುಂಡು ದೀಪಗಳ ಆ ಬಿಳಿ ಕಾರಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಯಾರಾದರೂ ಮಾರಿಬಿಡಿ ಎಂದರೆ ಅವರನ್ನು ಅದರಲ್ಲೇ ಕೂರಿಸಿಕೊಂಡು ಹೆಡ್ ಬಂದರದವರೆಗೆ ಒಂದು ಸುತ್ತು ಹೊಡೆಸುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಭಟ್ಕಳದಲ್ಲಿ ಅತ್ತೆಯ ಗೆಳತಿಯ ಕಿರಿಮಗಳ ಮದುವೆ. ಗೆಳತಿ ಎಂದರೆ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಾವಿಬ್ಬರೂ ರೇಷ್ಮೆ ಸೀರೆಯುಟ್ಟು ಒಂಬತ್ತಕ್ಕೆ ಹೊರಟೆವು. ಹಳದೀಪುರ ದಾಟುತ್ತಿದ್ದಂತೆ ಸ್ಟೇರಿಂಗಿನ ಹಿಂದೆ ಕೆಂಪು ದೀಪ ಹತ್ತಿಕೊಂಡಿತು. ಆಲ್ಟರ್ನೇಟರ್ ಕರೆಂಟು ಕೊಡುವುದನ್ನು ನಿಲ್ಲಿಸಿದೆ, ಇನ್ನು ಬ್ಯಾಟರಿಯಲ್ಲಿ ಇದ್ದಷ್ಟೇ ನಮ್ಮ ದಾರಿ ಎಂದು ಅತ್ತೆ ಪಾಠ ಮಾಡುವವರಂತೆ ವಿವರಿಸಿದರು. ಬಸ್ಸಿಗೆ ಹೋಗುವಾ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಹೊನ್ನಾವರದಲ್ಲಿ ಕಾರಿನ ವೈರಿಂಗ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಪೆಟ್ರೋಲ್ ಬಂಕಿನವರು, ಸೇತುವೆ ದಾಟಿದರೆ ಕಾಸರಕೋಡಿನ ಬಂದರಿನಲ್ಲಿ ಬೋಟುಗಳ ಆಲ್ಟರ್ನೇಟರ್ ರಿಪೇರಿ ಮಾಡುವವನೊಬ್ಬನಿದ್ದಾನೆ ಎಂದರು. ಶರಾವತಿ ದಾಟಿ, ಒಣಮೀನಿನ ವಾಸನೆಯ ನಡುವೆ ಅವನ ಶೆಡ್ಡಿನ ಮುಂದೆ ನಿಂತೆವು.

ಐವತ್ತರ ಆಸುಪಾಸಿನ ಮನುಷ್ಯ. ಕಾರಿನದು ತನಗೆ ಬರುವುದಿಲ್ಲ ಎಂದ. ಆದರೂ ಬಾನೆಟ್ ಎತ್ತಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಬೆಲ್ಟು ಒತ್ತಿ ನೋಡಿದ, ಮೀಟರು ಹಿಡಿದ, ಆಲ್ಟರ್ನೇಟರ್ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ತಿರುಗುವ ಉಂಗುರಗಳಿಗೆ ತಾಗಿಕೊಂಡಿರಬೇಕಾದ ಎರಡು ಕಾರ್ಬನ್ ತುಂಡುಗಳು, ಬ್ರಶ್ ಎನ್ನುತ್ತಾರೆ, ಸವೆದು ಸವೆದು ಕಡಲೆಕಾಳಿನಷ್ಟಾಗಿದ್ದವು. ಈ ಅಳತೆಯದ್ದು ಈಗ ಸಿಗುವುದಿಲ್ಲವೆಂದೂ, ಬೋಟಿನ ಬ್ರಶ್ ಇದೆ ಆದರೆ ದಪ್ಪವೆಂದೂ, ಉಜ್ಜಿ ಕೂರಿಸಬಹುದಾದರೂ ಮಧ್ಯಾಹ್ನದೊಳಗೆ ಒಂದು ಬೋಟಿನ ಕೆಲಸ ಮುಗಿಸಿಕೊಡಬೇಕೆಂದೂ ಹೇಳಿದ.

ಅತ್ತೆ, "ತಮ್ಮಾ, ಎಷ್ಟು ಉಜ್ಜಬೇಕು ಹೇಳು. ನಾನು ಉಜ್ಜುತ್ತೇನೆ" ಎಂದರು.

ಅವನು ಅವರ ಸೀರೆ ನೋಡಿದ, ನನ್ನನ್ನು ನೋಡಿದ. ನಾನು ಸಮುದ್ರದ ಕಡೆ ನೋಡಿದೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೀನಿನ ಕ್ರೇಟೊಂದನ್ನು ಬೋರಲು ಹಾಕಿ ಕೂತರು. ಮೇಜಿನ ಮೇಲೆ ಪಾಲಿಶ್ ಕಾಗದ ಹಾಸಿ ಬ್ರಶ್ಶನ್ನು ನಿಧಾನವಾಗಿ ಎಳೆಯತೊಡಗಿದರು. ಹತ್ತು ಸಲ ಎಳೆಯುವುದು, ಬ್ರಶ್ ಕೂರುವ ಖಾನೆಯೊಳಗೆ ಇಳಿಸಿ ನೋಡುವುದು, ಮತ್ತೆ ಹತ್ತು. ಒಂದು ಕಡೆ ಹೆಚ್ಚು ಸವೆಯಬಾರದು, ಬಿಗಿಯಾಗಲೂಬಾರದು, ಸಡಿಲವಾಗಲೂಬಾರದು. ಅವನು ತನ್ನ ಕೆಲಸದ ನಡುವೆ ಆಗಾಗ ಬಂದು ಬಗ್ಗಿ ನೋಡುತ್ತಿದ್ದ. ಅತ್ತೆ ಅವನಿಗೇ ಪ್ರಶ್ನೆ ಹಾಕುತ್ತಿದ್ದರು: ಉಂಗುರ ಎರಡೇ ಯಾಕೆ, ಸ್ಪ್ರಿಂಗು ಎಷ್ಟು ಒತ್ತಬೇಕು. ಮೂರನೆಯ ಸಲಕ್ಕೆ ಅವನು ಕೇಳಿದ, "ನೀವು ಅಕ್ಕೋರಾ, ಶಾಲೆಯಲ್ಲಿ ಕಲಿಸ್ತೀರಾ?"

ಅತ್ತೆ ಹೌದು ಎಂದದ್ದೇ ತಡ, ಮೂಲೆಗೆ ಹೋಗಿ ಸೇದುತ್ತಿದ್ದ ಬೀಡಿ ಆರಿಸಿ ಬಂದ.

ಎರಡನೆಯ ಬ್ರಶ್ ಖಾನೆಯಲ್ಲಿ ಸರಾಗವಾಗಿ ಇಳಿದಾಗ ಹನ್ನೊಂದೂಮುಕ್ಕಾಲು. ಅವನು ಬೋಟಿನ ಕೆಲಸ ಬಿಟ್ಟು ಬಂದು ತಂತಿ ಬೆಸೆದ, ಉಂಗುರಗಳನ್ನು ಒರೆಸಿದ, ಎಲ್ಲ ಜೋಡಿಸಿ ಬೆಲ್ಟು ಬಿಗಿದ. ಕಾರು ಶುರುವಾಯಿತು. ಅತ್ತೆ ಆಕ್ಸಿಲರೇಟರ್ ಒತ್ತಿದರು. ಕೆಂಪು ದೀಪ ಒಮ್ಮೆ ಮಿಣುಕಿ ಆರಿತು. ಮೀಟರಿನಲ್ಲಿ ಹದಿನಾಲ್ಕು ವೋಲ್ಟ್.

"ಆತು ಅಕ್ಕೋರೆ," ಎಂದ ಅವನು. "ನನ್ನ ಕೈಯಲ್ಲಾದರೆ ಇಷ್ಟು ನುಣ್ಣಗೆ ಆಗ್ತಿರಲಿಲ್ಲ."

ಇಡಗುಂಜಿ ತಿರುವಿನವರೆಗೂ ಅತ್ತೆ ಆರಿದ ದೀಪವನ್ನೇ ಮತ್ತೆ ಮತ್ತೆ ನೋಡುತ್ತ ಕಾರು ಓಡಿಸಿದರು. ಅವರಿಗೆ ಅಷ್ಟು ಖುಷಿಯಾಗಿತ್ತು.

ಭಟ್ಕಳ ತಲುಪುವಾಗ ಧಾರೆ ಮುಗಿದು ಎರಡನೆಯ ಪಂಕ್ತಿ ಏಳುತ್ತಿತ್ತು. ವಧುವಿನ ತಾಯಿ ಸಿಟ್ಟಿನಿಂದಲೇ ಬಂದವರು, ಅತ್ತೆಯ ಮೊಣಕೈವರೆಗೆ ಮೆತ್ತಿದ ಮಸಿ ನೋಡಿ ನಿಂತುಬಿಟ್ಟರು. ಅತ್ತೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ಗೆಳತಿ ಸೊಂಟಕ್ಕೆ ಕೈಯಿಟ್ಟು ಕೇಳಿಸಿಕೊಂಡು, "ಕಾಲೇಜಿನಲ್ಲಿ ನನ್ನ ಸೈಕಲ್ ಬಿಚ್ಚಿ ಹಾಕಿದ್ದೆಯಲ್ಲ, ಅದನ್ನ ಮಾತ್ರ ಸರಿಮಾಡಲಿಲ್ಲ ನೀನು" ಎಂದರು.

ಆಮೇಲೆ ಅಡುಗೆಯವರಿಂದ ಕೊಬ್ಬರಿ ಎಣ್ಣೆ, ಕಡಲೆಹಿಟ್ಟು ತರಿಸಿ ಅತ್ತೆಯನ್ನು ಹಿತ್ತಲಿನ ನಲ್ಲಿಯ ಬಳಿ ಕರೆದೊಯ್ದರು. ಮಸಿ ಬಿಡಲಿಲ್ಲ. ನಾನು ಊಟ ಮುಗಿಸಿ ಕೈತೊಳೆಯಲು ಹೋದಾಗಲೂ ಅವರಿಬ್ಬರೂ ಅಲ್ಲೇ, ಒಬ್ಬರ ಕೈ ಇನ್ನೊಬ್ಬರು ಉಜ್ಜುತ್ತ, ಯಾವುದೋ ಹಳೆಯ ಲೆಕ್ಚರರ ನಡಿಗೆ ಅಣಕಿಸಿ ನಗುತ್ತಿದ್ದರು. ಫೋಟೋದವನು ವಧುವಿನ ತಾಯಿಯನ್ನು ಹುಡುಕಿಕೊಂಡು ಎರಡು ಸಲ ಬಂದು ಹೋದ.